ಸಾವನದುರ್ಗ ಹತ್ತೋಕೆ ಹೊರಟಿದ್ದೀರಾ? ಕಾಲಿಗೆ ಯಾವ ಶೂ, ಮೈಗೆ ಯಾವ ಬಟ್ಟೆ, ಹಗ್ಗ ಎಂಥದ್ದು? ಇಲ್ಲಿದೆ ಮಾಹಿತಿ

ಮಾಗಡಿ: ಮಳೆಗಾಲ ಮುಗಿದು ಚಳಿ ಬಿತ್ತು ಅಂದ್ರೆ ಶನಿವಾರ, ಭಾನುವಾರ ಸಾವನದುರ್ಗದ ರಸ್ತೆಯಲ್ಲಿ ಬೈಕು, ಕಾರುಗಳ ಸಾಲು ಶುರು. ಬೆಂಗಳೂರಿನವರ ಜೊತೆಗೆ ತಾಲ್ಲೂಕಿನ ಹುಡುಗರೂ ಬೆಟ್ಟದ ಕಡೆ ಮುಖ ಮಾಡ್ತಾರೆ. ಕಾಲಲ್ಲಿ ಹವಾಯಿ ಚಪ್ಪಲಿ, ಮೈಗೆ ಬಿಗಿ ಜೀನ್ಸು, ಕೈಯಲ್ಲಿ ಒಂದು ನೀರಿನ ಬಾಟಲಿ. ಇಷ್ಟರಲ್ಲೇ 1226 ಮೀಟರ್ ಎತ್ತರದ ಬೆಟ್ಟ ಹತ್ತಿ ಬರೋಣ ಅನ್ನುವವರಿಗೆ ಕೊರತೆಯಿಲ್ಲ. ಹತ್ತುವಾಗ ಏನೂ ಅನ್ನಿಸಲ್ಲ. ಇಳಿಯೋಕೆ ತಿರುಗಿ ನಿಂತಾಗಲೇ ಕಾಲು ನಡುಗೋದು.

ಬೆಟ್ಟಕ್ಕೆ ಹೋಗುವವರು ಏನು ಹಾಕ್ಕೋಬೇಕು, ಏನು ಕೊಳ್ಳಬೇಕು, ಊರಿನ ಅಂಗಡಿಯಲ್ಲಿ ಸಿಗುವ ಯಾವುದು ಸಾಕು, ಯಾವುದು ಬೇಡವೇ ಬೇಡ ಎಂಬ ವಿವರ ಇಲ್ಲಿದೆ.

ಮೊದಲು ಬಂಡೆಯ ಗುಣ ತಿಳಿಯಿರಿ

ಮಾಗಡಿ, ರಾಮನಗರದ ಬೆಟ್ಟಗಳೆಲ್ಲ ಗ್ರಾನೈಟ್ ಬಂಡೆಗಳು. ಭೂವಿಜ್ಞಾನಿಗಳು ಇದನ್ನು ಕರೆಯೋದು ಕ್ಲೋಸ್‌ಪೇಟ್ ಗ್ರಾನೈಟ್ ಅಂತ. ಕ್ಲೋಸ್‌ಪೇಟೆ ರಾಮನಗರದ್ದೇ ಹಳೇ ಹೆಸರು. ಈ ಕಲ್ಲಿನ ಹರಳು ದಪ್ಪ, ಮೈ ಒರಟು. ಒಣಗಿದ್ದಾಗ ಕಾಲಿಗೆ ಒಳ್ಳೆ ಹಿಡಿತ ಕೊಡುತ್ತೆ. ಅದಕ್ಕೇ ಇಳಿಜಾರು ಬಂಡೆಯ ಮೇಲೂ ನಡೆದು ಹೋಗೋಕೆ ಆಗೋದು.

ಆದರೆ ಮಳೆ ನೀರು ಹರಿದು ಕಪ್ಪು ಗೆರೆ ಬಿದ್ದ ಜಾಗದಲ್ಲಿ ಪಾಚಿ ಇರುತ್ತೆ. ಒಣಗಿದ್ದಾಗ ಅದು ಕಪ್ಪು ಬಣ್ಣದಂತೆ ಕಾಣುತ್ತೆ, ನಾಲ್ಕು ಹನಿ ಬಿದ್ದರೆ ಎಣ್ಣೆ ಸುರಿದ ಹಾಗೆ. ಬಂಡೆ ಮೇಲಿನ ಸಣ್ಣ ಮರಳು, ಕಲ್ಲಿನ ಪುಡಿ ಕೂಡ ಅಪಾಯವೇ. ಕಾಲ ಕೆಳಗೆ ರಾಗಿ ಕಾಳು ಚೆಲ್ಲಿದಂತೆ ಉರುಳುತ್ತೆ. ಎಷ್ಟೇ ದುಡ್ಡು ಕೊಟ್ಟು ತಂದ ಶೂ ಇದ್ದರೂ ಈ ಎರಡು ಜಾಗದಲ್ಲಿ ನಂಬುವ ಹಾಗಿಲ್ಲ.

ಕಾಲಿಗೆ: ಮೆತ್ತನೆ ರಬ್ಬರ್ ಇರಲಿ

ಬೆಟ್ಟದಲ್ಲಿ ಎಲ್ಲಕ್ಕಿಂತ ಮುಖ್ಯ ಶೂ. ಬೇರೆಲ್ಲದರಲ್ಲೂ ಉಳಿತಾಯ ಮಾಡಿ, ಇದರಲ್ಲಿ ಬೇಡ. ಗಟ್ಟಿ ಪ್ಲಾಸ್ಟಿಕ್ ಅಥವಾ ಪಿವಿಸಿ ಸೋಲ್ ಬಂಡೆ ಮೇಲೆ ಜಾರುತ್ತೆ. ಸೋಲನ್ನು ಹೆಬ್ಬೆರಳ ಉಗುರಿನಿಂದ ಒತ್ತಿ ನೋಡಿ. ಸ್ವಲ್ಪ ತಗ್ಗಿ ಮತ್ತೆ ಎದ್ದರೆ ಮೆತ್ತನೆ ರಬ್ಬರ್, ಕೊಳ್ಳಬಹುದು. ಉಗುರು ಜಾರಿದರೆ ಕಾಲೂ ಜಾರುತ್ತೆ ಅಂತಲೇ ಲೆಕ್ಕ.

ಅಳತೆ ನೋಡುವಾಗ ಸಾಕ್ಸ್ ಹಾಕಿಕೊಂಡೇ ನೋಡಿ, ಅದೂ ಸಂಜೆ. ನಡೆದಷ್ಟೂ ಪಾದ ಊದುತ್ತೆ. ಇಳಿಯುವಾಗ ಬೆರಳುಗಳೆಲ್ಲ ಮುಂದಕ್ಕೆ ಬಂದು ಒತ್ತುತ್ತವೆ, ಮುಂದೆ ಅರ್ಧ ಇಂಚಾದರೂ ಜಾಗ ಬೇಕು. ಹಿಂದಿನ ದಿನವೇ ಕಾಲುಗುರು ಕತ್ತರಿಸಿ. ಇಳಿಯುವ ಮುಂಚೆ ಲೇಸ್ ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿ.

ಹಗ್ಗ ಕಟ್ಟಿಕೊಂಡು ನೇರ ಬಂಡೆ ಹತ್ತುವವರ ಕ್ಲೈಂಬಿಂಗ್ ಶೂ ಬೇರೆ ಜಾತಿ. ಅದರ ಅಡಿಯಲ್ಲಿ ಗೆರೆಗಳೇ ಇರಲ್ಲ, ನುಣ್ಣಗಿರುತ್ತೆ. ಅಂಟು ಗುಣದ ರಬ್ಬರ್ ಪೂರ್ತಿಯಾಗಿ ಕಲ್ಲಿಗೆ ತಾಗಲಿ ಅಂತ ಹಾಗೆ ಮಾಡಿರ್ತಾರೆ. ಕಾಲಿಗೆ ಬಿಗಿಯಾಗಿ ಕೂರುವ ಈ ಶೂ ಹಾಕಿಕೊಂಡು ದೂರ ನಡೆಯೋಕಾಗಲ್ಲ. ಬೆಟ್ಟ ನೋಡಿ ಬರುವವರಿಗೆ ಇದು ದಂಡದ ಖರ್ಚು.

ಮೈಗೆ: ಜೀನ್ಸ್ ಮನೆಯಲ್ಲೇ ಬಿಡಿ

ಜೀನ್ಸ್ ಹಾಕಿದರೆ ಮೊಣಕಾಲು ಪೂರ್ತಿ ಮಡಚೋಕೆ ಆಗಲ್ಲ, ಎತ್ತರಕ್ಕೆ ಕಾಲಿಡೋಕೆ ಆಗಲ್ಲ. ಬೆವರಿಗೋ ಮಳೆಗೋ ನೆನೆದರೆ ಭಾರವಾಗಿ ಬೇಗ ಒಣಗೋದೂ ಇಲ್ಲ. ಟ್ರ್ಯಾಕ್ ಪ್ಯಾಂಟ್ ಸಾಕು, ಎಳೆದರೆ ಹಿಗ್ಗುವಂಥದ್ದಾದರೆ ಇನ್ನೂ ಒಳ್ಳೆಯದು. ಚಡ್ಡಿ ಬೇಡ. ಕೂತು ಜಾರಿಕೊಂಡು ಇಳಿಯುವ ಜಾಗದಲ್ಲಿ ತೊಡೆ, ಮೊಣಕಾಲು ತರಚುತ್ತೆ.

ಮೇಲಕ್ಕೆ ತುಂಬು ತೋಳಿನ, ತಿಳಿ ಬಣ್ಣದ ಅಂಗಿ ಇರಲಿ. ಬಿಸಿಲಿಗೆ ಕಾದ ಬಂಡೆ ಕೆಳಗಿನಿಂದಲೂ ಶಾಖ ಹೊಡೆಯುತ್ತೆ. ಇನ್ನೊಂದು ಕಾರಣ ಹೆಜ್ಜೇನು. ಬಂಡೆಯ ಸಂದಿಗಳಲ್ಲಿ ಗೂಡು ಕಟ್ಟುವ ಈ ಹುಳುಗಳಿಗೆ ಕಪ್ಪು ಬಟ್ಟೆ, ಸೆಂಟಿನ ಘಾಟು ಆಗಿಬರಲ್ಲ. ಗೂಡು ಕಂಡರೆ ಕೂಗಾಟ, ಕಲ್ಲೆಸೆತ, ಸಿಗರೇಟು ಯಾವುದೂ ಬೇಡ. ಹುಳು ಎದ್ದರೆ ಅಂಗಿಯನ್ನೋ ಟವೆಲ್ಲನ್ನೋ ತಲೆ, ಮುಖಕ್ಕೆ ಸುತ್ತಿಕೊಂಡು ಅಲ್ಲಿಂದ ದೂರ ಸರಿಯಬೇಕು. ಆದರೆ ಇಳಿಜಾರಲ್ಲಿ ಓಡಬೇಡಿ.

ಸೀರೆ, ದುಪಟ್ಟಾ, ಪಂಚೆ ಹತ್ತುವ ಕಾಲಿಗೆ ತೊಡರುತ್ತವೆ. ಮಳೆಗೆ ಛತ್ರಿ ಬೇಡ, ಗಾಳಿಗೆ ಅದೇ ಎಳೆದುಬಿಡುತ್ತೆ. ಅಂಗಿಯಂತೆ ತೊಡುವ ಜರ್ಕಿನ್ ಸರಿ. ಮೋಡ ಕವಿದು ಗುಡುಗು ಕೇಳಿದರೆ ಬಟ್ಟೆಯ ಯೋಚನೆ ಬಿಟ್ಟು ತಕ್ಷಣ ಇಳಿಯಿರಿ.

ಕೈ ಖಾಲಿ ಇರಲಿ

ಕೈಚೀಲ ಬೇಡ, ಬೆನ್ನಿಗೆ ಹಾಕುವ ಬ್ಯಾಗ್ ಬೇಕು. ಬಂಡೆ ಹತ್ತುವಾಗ ಎರಡೂ ಕೈ ಬಂಡೆಗೇ ಬೇಕು. ಒಬ್ಬರಿಗೆ ಎರಡರಿಂದ ಮೂರು ಲೀಟರ್ ನೀರು, ಕಡ್ಲೆಮಿಠಾಯಿ, ಓಆರ್‌ಎಸ್ ಪುಡಿ, ಬ್ಯಾಂಡೇಜ್, ಸೀಟಿ, ಟಾರ್ಚ್ ಇರಲಿ. ಮೊಬೈಲ್ ಬೆಳಕನ್ನೇ ನಂಬಿದರೆ ಕತ್ತಲಾದಾಗ ಫೋನ್ ಮಾಡೋಕೂ ಚಾರ್ಜ್ ಉಳಿದಿರಲ್ಲ.

ಹಾರ್ಡ್‌ವೇರ್ ಅಂಗಡಿ ಹಗ್ಗ ಬೇಡವೇ ಬೇಡ

"ಅಣ್ಣಾ, ಬೆಟ್ಟಕ್ಕೆ ಹೋಗ್ತಿದ್ದೀವಿ, ಗಟ್ಟಿ ಹಗ್ಗ ಒಂದು ಐವತ್ತು ಅಡಿ ಕೊಡಿ." ಈ ಮಾತು ಕೇಳಿದ ಅಂಗಡಿಯವರು ಒಂದು ನಿಮಿಷ ನಿಂತು ಯೋಚಿಸಬೇಕು. ಲಾರಿ ಲೋಡು ಕಟ್ಟುವ, ಬಾವಿಗೆ ಬಿಡುವ ಹಗ್ಗ ಎಷ್ಟೇ ದಪ್ಪ ಇದ್ದರೂ ಬೀಳುವ ಮನುಷ್ಯನನ್ನು ಹಿಡಿಯೋಕೆ ಮಾಡಿದ್ದಲ್ಲ.

ಕ್ಲೈಂಬಿಂಗ್ ಹಗ್ಗ ಬಿದ್ದಾಗ ಹಿಗ್ಗುತ್ತೆ. ಬಿದ್ದವನ ವೇಗವನ್ನು ನಿಧಾನವಾಗಿ ಕಡಿಮೆ ಮಾಡಿ ನಿಲ್ಲಿಸುತ್ತೆ. ಹಿಗ್ಗದ ಹಗ್ಗ ಒಂದೇ ಏಟಿಗೆ ಜಗ್ಗುತ್ತೆ, ಆ ಪೆಟ್ಟು ಬೀಳೋದು ಸೊಂಟ, ಬೆನ್ನುಮೂಳೆಗೆ. ಪ್ಲಾಸ್ಟಿಕ್ ಹಗ್ಗವಂತೂ ಬಂಡೆಯ ಅಂಚಿಗೆ ಉಜ್ಜಿದ ಬಿಸಿಗೇ ಕರಗಬಹುದು. ಬಿಸಿಲಲ್ಲಿ ನೇತುಹಾಕಿದ್ದರೆ ಹೊರಗೆ ಚೆನ್ನಾಗಿ ಕಂಡರೂ ಬಲ ಕಳೆದುಕೊಂಡಿರುತ್ತೆ.

ನಿಜವಾದ ಸಾಮಾನಿನ ಮೇಲೆ ಗುರುತು ಇರುತ್ತೆ. ಹಿಗ್ಗುವ ಹಗ್ಗಕ್ಕೆ ಇಎನ್ 892, ಸೊಂಟದ ಹಾರ್ನೆಸ್‌ಗೆ ಇಎನ್ 12277, ಹೆಲ್ಮೆಟ್‌ಗೆ ಇಎನ್ 12492. ಇಲ್ಲವೇ ಯುಐಎಎ ಮುದ್ರೆ. ಕೊಕ್ಕೆ, ಅಂದರೆ ಕ್ಯಾರಬೀನರ್ ಮೇಲೆ ಉದ್ದಕ್ಕೆ ಎಷ್ಟು ಕಿಲೋನ್ಯೂಟನ್ ತಡೆಯುತ್ತೆ ಅಂತ ಕೊರೆದಿರುತ್ತೆ, ಸಾಮಾನ್ಯವಾಗಿ 20 ಅಥವಾ ಅದಕ್ಕಿಂತ ಹೆಚ್ಚು. 20 ಅಂದರೆ ಸುಮಾರು ಎರಡು ಟನ್ ಭಾರ. ಕೀ ಬಂಚಿಗೆ ಸಿಗುವ ಬಣ್ಣದ ಕೊಕ್ಕೆ ನೋಡೋಕೆ ಹಾಗೇ ಇದ್ದರೂ ಜೀವದ ಭಾರ ಹೊರಲ್ಲ.

ಬೈಕ್ ಹೆಲ್ಮೆಟ್ ನಡೆಯುತ್ತಾ? ಅದು ಭಾರ, ಸೆಕೆ, ಕಿವಿ ಮುಚ್ಚುತ್ತೆ. ಮೇಲಿನಿಂದ "ಕಲ್ಲು ಬಂತು" ಅಂತ ಕೂಗಿದರೆ ಸರಿಯಾಗಿ ಕೇಳಿಸಲ್ಲ, ತಲೆ ಎತ್ತಿ ನೋಡೋಕೂ ಕಷ್ಟ.

ಸಾಮಾನು ಇದ್ದ ಮಾತ್ರಕ್ಕೆ ಹಗ್ಗದ ಕೆಲಸ ಬರಲ್ಲ, ಕಲಿಯಲೇಬೇಕು. ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಬಂಡೆ ಹತ್ತುವ ತರಬೇತಿ ಕೊಡುತ್ತೆ. ಯಾರೋ ಬಳಸಿ ಬಿಟ್ಟ ಹಗ್ಗ, ಹಾರ್ನೆಸ್ ಅಗ್ಗಕ್ಕೆ ಸಿಕ್ತು ಅಂತ ಕೊಳ್ಳಬೇಡಿ. ಅದು ಎಷ್ಟು ಸಲ ಜಗ್ಗಿದೆ, ಬ್ಯಾಟರಿ ಆಸಿಡ್ ತಾಗಿದೆಯಾ ಅನ್ನೋದು ಕಣ್ಣಿಗೆ ಕಾಣಲ್ಲ.

ಅಂಗಡಿಯವರು ಏನು ಇಡಬಹುದು?

ಬೆಟ್ಟದ ದಾರಿಯ ಅಂಗಡಿಗಳಲ್ಲಿ ಟೋಪಿ, ಓಆರ್‌ಎಸ್, ಸೀಟಿ, ಟಾರ್ಚ್, ಸಾಕ್ಸ್, ಬ್ಯಾಂಡೇಜ್ ಇಟ್ಟರೆ ವ್ಯಾಪಾರವೂ ಆಗುತ್ತೆ, ಬಂದವರಿಗೂ ಅನುಕೂಲ. ಹಗ್ಗ ಕೇಳಿದವರಿಗೆ ಮಾತ್ರ "ಇದು ಅದಕ್ಕಲ್ಲ" ಅಂತ ಹೇಳಿ ಕಳಿಸಿ. ಐವತ್ತು ಅಡಿ ಹಗ್ಗದ ಲಾಭ ಹೋದರೆ ನಾಳೆ ಬರುತ್ತೆ.

ಹೊರಡುವ ಮುನ್ನ ಅರಣ್ಯ ಇಲಾಖೆಯ ಅನುಮತಿ, ಸಮಯದ ನಿಯಮ ವಿಚಾರಿಸಿ. ಎಲ್ಲಿಗೆ ಹೋಗ್ತಿದ್ದೀವಿ, ಎಷ್ಟೊತ್ತಿಗೆ ವಾಪಸ್ ಬರ್ತೀವಿ ಅಂತ ಮನೆಯಲ್ಲಿ ಹೇಳಿ. ತುರ್ತು ಇದ್ದರೆ 112, ಆಂಬ್ಯುಲೆನ್ಸ್‌ಗೆ 108.