ಮಿಡಿಯುವ ಕೋಶದಿಂದ ಮಿಡಿಯುವ ಅಂಗಾಂಶಕ್ಕೆ: ಪ್ರಯೋಗಾಲಯದ ಹೃದಯ ಸ್ನಾಯು ಕಲಿಸುವ ಪಾಠ

ಬೋಧನಾಭ್ಯಾಸಕ್ಕಾಗಿ ಪ್ರೌಢಶಾಲೆಗೆ ತೆರಳುವ ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ಹೆಚ್ಚಾಗಿ ಆರಿಸಿಕೊಳ್ಳುವ ಪಾಠಗಳಲ್ಲಿ ಒಂಬತ್ತನೆಯ ತರಗತಿಯ ‘ಅಂಗಾಂಶಗಳು’ ಒಂದು. ಪಾಠಯೋಜನೆ ಸಿದ್ಧಪಡಿಸುವುದು ಸುಲಭ. ಕಪ್ಪುಹಲಗೆಯ ಮೇಲೆ ವ್ಯಾಖ್ಯೆ ಬರೆದು, ಮೂರು ಬಗೆಯ ಸ್ನಾಯುಗಳ ಚಿತ್ರಪಟ ತೋರಿಸಿ, ವ್ಯತ್ಯಾಸಗಳ ಕೋಷ್ಟಕ ತುಂಬಿಸಿದರೆ ಅವಧಿ ಮುಗಿಯುತ್ತದೆ. ಹೃದಯ ಸ್ನಾಯುವಿನ ಲಕ್ಷಣ ಕೇಳಿದರೆ ಮಕ್ಕಳು ‘ಕವಲೊಡೆದಿರುತ್ತದೆ, ಅನೈಚ್ಛಿಕ’ ಎಂದು ಒಟ್ಟಾಗಿ ಹೇಳುತ್ತಾರೆ. ಆದರೆ ಅದು ಕವಲೊಡೆದಿರುವುದೇಕೆ ಎಂದು ಕೇಳಿದರೆ ತರಗತಿ ಮೌನವಾಗುತ್ತದೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ಒಳ್ಳೆಯ ದಾರಿಯೊಂದಿದೆ. ಹಾಳಾದ ಹೃದಯವನ್ನು ಸರಿಪಡಿಸಲು ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಹೃದಯ ಸ್ನಾಯುವನ್ನೇ ಬೆಳೆಸಲು ಪ್ರಯತ್ನಿಸುತ್ತಿದ್ದಾರೆ. ಒಂದು ವಸ್ತುವನ್ನು ನಾವೇ ಕಟ್ಟಲು ಹೊರಟಾಗ ಅದರ ಪ್ರತಿಯೊಂದು ಭಾಗ ಏಕೆ ಬೇಕು ಎಂಬುದು ತಿಳಿಯುತ್ತದೆ. ಈ ಸಂಶೋಧನೆಯ ಕಥೆಯೂ ಹಾಗೆಯೇ. ಮಿಡಿಯುವ ಕೋಶಗಳನ್ನು ಪಡೆಯುವುದಕ್ಕಿಂತ ಅವನ್ನು ಅಂಗಾಂಶವನ್ನಾಗಿ ಕೂಡಿಸುವುದೇ ಕಷ್ಟ ಎಂಬುದನ್ನು ಅದು ತೋರಿಸಿಕೊಟ್ಟಿದೆ. ಮೊದಲು ವಿಷಯವನ್ನೂ ನಂತರ ಅದನ್ನು ತರಗತಿಯಲ್ಲಿ ಬಳಸುವ ಬಗೆಯನ್ನೂ ನೋಡೋಣ.

ಹೃದಯ ತಾನಾಗಿ ಏಕೆ ವಾಸಿಯಾಗದು?

ಚರ್ಮ ಕುಯ್ದರೆ ಮಾಯುತ್ತದೆ, ಮುರಿದ ಮೂಳೆ ಕೂಡುತ್ತದೆ. ಹೃದಯದ ಸ್ಥಿತಿ ಬೇರೆ. ಹೃದಯದ ಗೋಡೆಗೆ ರಕ್ತ ಒದಗಿಸುವ ಅಪಧಮನಿ ಕಟ್ಟಿಕೊಂಡಾಗ ಆ ಭಾಗದ ಸ್ನಾಯುಕೋಶಗಳು ಆಮ್ಲಜನಕವಿಲ್ಲದೆ ಸಾಯುತ್ತವೆ. ತೀವ್ರ ಹೃದಯಾಘಾತವೊಂದರಲ್ಲಿ ಹೀಗೆ ನಾಶವಾಗುವ ಕೋಶಗಳ ಸಂಖ್ಯೆ ಸುಮಾರು 100 ಕೋಟಿ ಮುಟ್ಟಬಹುದು. ಅವುಗಳ ಜಾಗದಲ್ಲಿ ಗಾಯದ ಕಲೆ ಬೆಳೆಯುತ್ತದೆ. ಈ ಕಲೆ ಗೋಡೆ ಒಡೆಯದಂತೆ ತಡೆಯುತ್ತದೆ, ಆದರೆ ಸಂಕುಚಿಸುವುದಿಲ್ಲ. ಉಳಿದ ಸ್ನಾಯುವಿನ ಮೇಲೆ ಹೊರೆ ಹೆಚ್ಚಿ, ಕೆಲವರಲ್ಲಿ ಹೃದಯ ಹಿಗ್ಗಿ, ಕ್ರಮೇಣ ಹೃದಯ ವೈಫಲ್ಯ ಉಂಟಾಗುತ್ತದೆ.

ಹೃದಯದ ಕೋಶಗಳು ಹೊಸದಾಗಿ ಹುಟ್ಟುವುದೇ ಇಲ್ಲವೇ? ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಯೋನಾಸ್ ಫ್ರಿಸೆನ್ ಅವರ ತಂಡ 2009ರಲ್ಲಿ ಇದಕ್ಕೆ ಜಾಣತನದ ಉತ್ತರ ಕಂಡುಕೊಂಡಿತು. 1950ರ ದಶಕದಿಂದ 1963ರವರೆಗೆ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಕಾರ್ಬನ್-14 ಏರಿ, ಆಮೇಲೆ ನಿಧಾನವಾಗಿ ಇಳಿಯಿತು. ಕೋಶವೊಂದು ಹುಟ್ಟುವಾಗ ತಯಾರಾಗುವ ಡಿಎನ್‌ಎಯಲ್ಲಿ ಆ ಕಾಲದ ಕಾರ್ಬನ್-14 ಪ್ರಮಾಣ ದಾಖಲಾಗಿರುತ್ತದೆ. ಅದನ್ನು ಅಳೆದು ತಂಡವು ಕೋಶಗಳ ವಯಸ್ಸನ್ನು ಲೆಕ್ಕ ಹಾಕಿತು. 25ರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಶೇ. 1ರಷ್ಟು, 75ರಲ್ಲಿ ಶೇ. 0.45ರಷ್ಟು ಹೃದಯ ಸ್ನಾಯುಕೋಶಗಳು ಮಾತ್ರ ಹೊಸದಾಗುತ್ತವೆ. 100 ಕೋಟಿ ಕೋಶಗಳ ನಷ್ಟವನ್ನು ಈ ವೇಗದಲ್ಲಿ ತುಂಬಿಕೊಳ್ಳಲಾಗದು. ಐಸೊಟೋಪ್‌ಗಳ ಪಾಠಕ್ಕೂ ಜೀವವಿಜ್ಞಾನಕ್ಕೂ ನಂಟು ಕಲ್ಪಿಸಲು ಇದೊಂದು ಒಳ್ಳೆಯ ಉದಾಹರಣೆ.

ಎಲ್ಲ ಪ್ರಾಣಿಗಳಿಗೂ ಈ ಮಿತಿಯಿಲ್ಲ. ನಮ್ಮ ಉಪಖಂಡದ ಹೊಳೆಗಳಲ್ಲಿ ವಾಸಿಸುವ ಪುಟ್ಟ ಜೀಬ್ರಾಮೀನಿನ ಹೃತ್ಕುಕ್ಷಿಯ ಸುಮಾರು ಶೇ. 20 ಭಾಗವನ್ನು ಕತ್ತರಿಸಿದರೂ ಎರಡು ತಿಂಗಳಲ್ಲಿ ಅದು ಮತ್ತೆ ಬೆಳೆಯುವುದೆಂದು 2002ರಲ್ಲಿ ತಿಳಿದುಬಂತು. ಒಂದು ದಿನದ ಇಲಿಮರಿಗೂ ಈ ಸಾಮರ್ಥ್ಯ ಉಂಟು, ಆದರೆ ಏಳು ದಿನ ತುಂಬುವಷ್ಟರಲ್ಲಿ ಅದು ಹೋಗಿಬಿಡುತ್ತದೆ ಎಂದು 2011ರ ಪ್ರಯೋಗ ತೋರಿಸಿತು.

ಕೋಶಗಳು ಎಲ್ಲಿಂದ ಬರುತ್ತವೆ?

1998ರಲ್ಲಿ ಅಮೆರಿಕದ ಜೇಮ್ಸ್ ಥಾಮ್ಸನ್ ಮಾನವ ಭ್ರೂಣದ ಕಾಂಡಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. ಕಾಂಡಕೋಶ ಎಂದರೆ ಇನ್ನೂ ಯಾವ ಕೆಲಸಕ್ಕೂ ನೇಮಕವಾಗದ, ಯಾವ ಬಗೆಯ ಕೋಶವಾಗಿಯೂ ಬದಲಾಗಬಲ್ಲ ಕೋಶ. ಭ್ರೂಣದ ಬಳಕೆ ನೈತಿಕ ಪ್ರಶ್ನೆಗಳನ್ನು ಎತ್ತಿತು. 2006ರಲ್ಲಿ ಜಪಾನಿನ ಶಿನ್ಯಾ ಯಮನಾಕ ಇಲಿಯ ಸಾಮಾನ್ಯ ಕೋಶಕ್ಕೆ ಕೇವಲ ನಾಲ್ಕು ಜೀನ್‌ಗಳನ್ನು ಸೇರಿಸಿ, ಅದನ್ನು ಕಾಂಡಕೋಶದಂಥ ಸ್ಥಿತಿಗೆ ಹಿಂದಿರುಗಿಸಿದರು. ಮರುವರ್ಷ ಮಾನವ ಕೋಶಗಳಲ್ಲೂ ಇದು ಸಾಧ್ಯವಾಯಿತು. 2012ರಲ್ಲಿ ಅವರು ಜಾನ್ ಗರ್ಡನ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಈ ಕೋಶಗಳ ಹೆಸರು ‘ಐಪಿಎಸ್’. ಮಕ್ಕಳಿಗೆ ಪೊಲೀಸ್ ಅಧಿಕಾರಿಗಳು ನೆನಪಾಗುವುದು ಖಂಡಿತ. ನಗಲು ಬಿಟ್ಟು ಮುಂದುವರಿಯಿರಿ, ಹೆಸರು ಮರೆಯುವುದಿಲ್ಲ.

ಈ ಕೋಶಗಳಿಗೆ ನಿರ್ದಿಷ್ಟ ರಾಸಾಯನಿಕಗಳನ್ನು ನಿರ್ದಿಷ್ಟ ಕ್ರಮದಲ್ಲಿ ಒದಗಿಸಿದರೆ ಅವು ಹೃದಯ ಸ್ನಾಯುಕೋಶಗಳಾಗಿ ಬದಲಾಗುತ್ತವೆ. ಸುಮಾರು ಹತ್ತು ದಿನಗಳಲ್ಲಿ ತಟ್ಟೆಯಲ್ಲೇ ಮಿಡಿಯತೊಡಗುತ್ತವೆ. ಮಿದುಳಿನ ಆಜ್ಞೆಯಿಲ್ಲದೆ ತಾನಾಗಿ ಮಿಡಿಯುವ ಈ ಕೋಶ ‘ಅನೈಚ್ಛಿಕ’ ಎಂಬ ಪದಕ್ಕೆ ಅರ್ಥ ತುಂಬುತ್ತದೆ.

ಕೋಶಗಳಿದ್ದರೆ ಸಾಕೇ?

ಕೋಶಗಳು ದೊರೆತ ಮೇಲೆ ಅವನ್ನು ಸೂಜಿಯಿಂದ ಹೃದಯಕ್ಕೆ ಚುಚ್ಚಿದರಾಯಿತಲ್ಲ ಎನಿಸಬಹುದು. ಹಾಗೆ ಚುಚ್ಚಿದ ಬಿಡಿ ಕೋಶಗಳಲ್ಲಿ ಬಹುಪಾಲು ರಕ್ತದೊಂದಿಗೆ ಕೊಚ್ಚಿಹೋಗುತ್ತವೆ ಅಥವಾ ಸಾಯುತ್ತವೆ. ಆದ್ದರಿಂದ ಮೊದಲು ಅಂಗಾಂಶ ಕಟ್ಟಿ, ಅದನ್ನೇ ಹೃದಯಕ್ಕೆ ತೇಪೆಯಂತೆ ಹೊಲಿಯುವ ಯೋಚನೆ ಬಂತು. ಅಂಗಾಂಶ ಕಟ್ಟಲು ಮೂರು ಅಗತ್ಯಗಳಿವೆ.

*ಮೊದಲನೆಯದು ಹಂದರ.* ಬಳ್ಳಿಗೆ ಹಂದರವಿದ್ದಂತೆ ಕೋಶಗಳಿಗೆ ಕೊಲಾಜೆನ್ ಮುಂತಾದ ಪ್ರೋಟೀನ್‌ಗಳ ಜಾಲವಿದೆ. 1997ರಲ್ಲಿ ಜರ್ಮನಿಯ ಥಾಮಸ್ ಎಷೆನ್‌ಹಾಗೆನ್ ಮತ್ತು ಸಂಗಡಿಗರು ಕೋಳಿ ಭ್ರೂಣದ ಹೃದಯಕೋಶಗಳನ್ನು ಕೊಲಾಜೆನ್ ಲೋಳೆಯಲ್ಲಿ ಬೆರೆಸಿ, ಮಿಡಿಯುವ ಸ್ನಾಯುಪಟ್ಟಿಯನ್ನು ರೂಪಿಸಿದರು. 2008ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಡೋರಿಸ್ ಟೇಲರ್ ಅವರ ತಂಡ ಬೇರೊಂದು ಮಾರ್ಗ ಹಿಡಿಯಿತು. ಸತ್ತ ಇಲಿಯ ಹೃದಯದ ರಕ್ತನಾಳಗಳ ಮೂಲಕ ಮಾರ್ಜಕ ದ್ರಾವಣ ಹರಿಸಿ, ಕೋಶಗಳನ್ನೆಲ್ಲ ತೊಳೆದು, ಬಿಳಿಚಿದ ಹಂದರವನ್ನಷ್ಟೇ ಉಳಿಸಿಕೊಂಡರು. ಅದರಲ್ಲಿ ಎಳೆಯ ಇಲಿಮರಿಗಳ ಹೃದಯಕೋಶಗಳನ್ನು ತುಂಬಿದಾಗ ಎಂಟನೆಯ ದಿನಕ್ಕೆ ಅದು ವಯಸ್ಕ ಇಲಿಯ ಹೃದಯದ ಸುಮಾರು ಶೇ. 2ರಷ್ಟು ಪಂಪು ಮಾಡುವ ಶಕ್ತಿ ತೋರಿತು. ಹಂದರ ಸರಿಯಾಗಿಯೇ ಇತ್ತು. ಆದರೂ ಶಕ್ತಿ ಶೇ. 2ಕ್ಕೆ ನಿಂತಿತೆಂಬುದು ಉಳಿದೆರಡು ಅಗತ್ಯಗಳತ್ತ ಬೆರಳು ಮಾಡುತ್ತದೆ.

*ಎರಡನೆಯದು ಒಗ್ಗೂಡಿ ಮಿಡಿಯುವುದು.* ‘ಕವಲೇಕೆ’ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಹೃದಯ ಸ್ನಾಯುಕೋಶಗಳು ಕವಲೊಡೆದು ಹಲವು ನೆರೆಕೋಶಗಳನ್ನು ತುದಿಯಿಂದ ತುದಿಗೆ ಕೂಡುತ್ತವೆ. ಕೂಡುವ ಜಾಗದಲ್ಲಿ ಅತಿಸೂಕ್ಷ್ಮ ನಾಲೆಗಳಿದ್ದು, ವಿದ್ಯುತ್ ಸಂಕೇತ ಅವುಗಳ ಮೂಲಕ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಹೀಗಾಗಿ ಕೋಟ್ಯಂತರ ಕೋಶಗಳು ಒಂದೇ ಕೋಶದಂತೆ ಸಂಕುಚಿಸುತ್ತವೆ. ಪ್ರಯೋಗಾಲಯದ ಕೋಶಗಳು ಭ್ರೂಣದ ಕೋಶಗಳಂತೆ ಎಳೆಯವು, ಅಡ್ಡಾದಿಡ್ಡಿ ನಿಂತಿರುತ್ತವೆ. ಎರಡು ಕಂಬಗಳ ನಡುವೆ ಪಟ್ಟಿಯನ್ನು ಬಿಗಿದು ಎಳೆದಾಗ ಅವು ಒಂದೇ ದಿಕ್ಕಿಗೆ ಸಾಲುಗೂಡುತ್ತವೆ. ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ 2018ರಲ್ಲಿ ವಿದ್ಯುತ್ ಸ್ಪಂದನಗಳನ್ನು ಕ್ರಮೇಣ ಹೆಚ್ಚಿಸುತ್ತ, ನಾಲ್ಕು ವಾರ ‘ವ್ಯಾಯಾಮ’ ಮಾಡಿಸಿ ಅಂಗಾಂಶವನ್ನು ಬಹಳಷ್ಟು ಪಕ್ವಗೊಳಿಸಿತು. ಕೇವಲ ಸ್ನಾಯುಕೋಶಗಳಿದ್ದರೆ ಪಟ್ಟಿ ದುರ್ಬಲವಾಗುತ್ತದೆ. ಸಂಯೋಜಕ ಅಂಗಾಂಶದ ಕೋಶಗಳನ್ನೂ ಬೆರೆಸಿದಾಗಲೇ ಅದು ಗಟ್ಟಿಯಾಗುತ್ತದೆ. ನಮ್ಮ ಹೃದಯದಲ್ಲೂ ಎಣಿಕೆಯಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಮಾತ್ರ ಸ್ನಾಯುಕೋಶಗಳು.

*ಮೂರನೆಯದು ರಕ್ತ ಪೂರೈಕೆ.* ಆಮ್ಲಜನಕ ಕೋಶದಿಂದ ಕೋಶಕ್ಕೆ ವಿಸರಣೆಯಿಂದ ತಲುಪಬಲ್ಲ ದೂರ 0.1ರಿಂದ 0.2 ಮಿಲಿಮೀಟರ್ ಮಾತ್ರ. ಎಡ ಹೃತ್ಕುಕ್ಷಿಯ ಗೋಡೆ ಸುಮಾರು 1 ಸೆಂಟಿಮೀಟರ್ ದಪ್ಪ. ರಕ್ತನಾಳವಿಲ್ಲದ ದಪ್ಪ ತೇಪೆಯ ಒಡಲು ಉಸಿರುಗಟ್ಟಿ ಸಾಯುತ್ತದೆ. 2017ರಲ್ಲಿ ಅಮೆರಿಕದ ವೂಸ್ಟರ್ ಪಾಲಿಟೆಕ್ನಿಕ್ ಇನ್‌ಸ್ಟಿಟ್ಯೂಟ್‌ನ ಸಂಶೋಧಕರು ಪಾಲಕ್ ಸೊಪ್ಪಿನ ಎಲೆಯಿಂದ ಸಸ್ಯಕೋಶಗಳನ್ನು ತೊಳೆದು, ಉಳಿದ ನಾಳಜಾಲದಲ್ಲಿ ದ್ರವ ಹರಿಸಿ, ಎಲೆಯ ಮೇಲೆ ಮಾನವ ಹೃದಯ ಸ್ನಾಯುಕೋಶಗಳನ್ನು ಬೆಳೆಸಿದರು. ಅವು ಮೂರು ವಾರಗಳವರೆಗೆ ಮಿಡಿದವು. ಎಲೆಯ ಸಿರೆಗಳೂ ನಮ್ಮ ರಕ್ತನಾಳಗಳೂ ಒಂದೇ ಸಮಸ್ಯೆಗೆ ಕಂಡುಕೊಂಡ ಉತ್ತರಗಳೆಂದು ತೋರಿಸಲು ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು.

ರೋಗಿಯವರೆಗೆ ತಲುಪಿದ್ದೆಷ್ಟು?

ಜನವರಿ 2020ರಲ್ಲಿ ಒಸಾಕಾ ವಿಶ್ವವಿದ್ಯಾಲಯದ ಯೊಶಿಕಿ ಸಾವಾ ಅವರ ತಂಡ ಐಪಿಎಸ್ ಕೋಶಗಳಿಂದ ಬೆಳೆಸಿದ ತೆಳು ಹಾಳೆಗಳನ್ನು ರೋಗಿಯೊಬ್ಬರ ಹೃದಯದ ಮೇಲೆ ಇರಿಸಿತು. ಈ ಹಾಳೆಗಳು ತಾವೇ ಪಂಪು ಮಾಡುವುದಕ್ಕಿಂತ, ಸ್ರವಿಸುವ ವಸ್ತುಗಳಿಂದ ಹೊಸ ರಕ್ತನಾಳಗಳ ಬೆಳವಣಿಗೆಗೆ ನೆರವಾಗುತ್ತವೆ ಎಂಬುದು ಅದರ ಹಿಂದಿನ ಆಲೋಚನೆ. ಜನವರಿ 2025ರಲ್ಲಿ ಜರ್ಮನಿಯ ಗೋಟಿಂಗೆನ್‌ನ ವುಲ್ಫ್ರಾಮ್ ಜಿಮ್ಮರ್‌ಮನ್ ಮತ್ತು ಸಂಗಡಿಗರು ಕೋತಿಗಳಲ್ಲಿ ಹಾಗೂ ಹೃದಯ ಕಸಿಗಾಗಿ ಕಾಯುತ್ತಿದ್ದ ಒಬ್ಬ ಮಹಿಳೆಯಲ್ಲಿ ನಡೆದ ಪ್ರಯೋಗದ ವರದಿ ಪ್ರಕಟಿಸಿದರು. ಮಹಿಳೆಗೆ ಹೊಲಿದ ತೇಪೆಯಲ್ಲಿ ಸುಮಾರು 40 ಕೋಟಿ ಕೋಶಗಳಿದ್ದವು. ಕೆಲವು ತಿಂಗಳ ನಂತರ ಅವರಿಗೆ ದಾನಿಯ ಹೃದಯ ಸಿಕ್ಕಿತು. ಹೊರತೆಗೆದ ಹಳೆಯ ಹೃದಯವನ್ನು ಪರೀಕ್ಷಿಸಿದಾಗ ತೇಪೆಯ ಸ್ನಾಯು ಬದುಕಿತ್ತು, ಅದರೊಳಗೆ ರಕ್ತನಾಳಗಳೂ ಬೆಳೆದಿದ್ದವು.

ತೊಡಕುಗಳೂ ಉಳಿದಿವೆ. 2014ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ಕೋತಿಗಳ ಹೃದಯಕ್ಕೆ 100 ಕೋಟಿ ಕೋಶಗಳನ್ನು ಚುಚ್ಚಿದಾಗ ಹೊಸ ಸ್ನಾಯು ಬೆಳೆಯಿತು, ಜೊತೆಗೆ ಬಡಿತದ ಲಯವೂ ತಪ್ಪಿತು. ಬೇರೆಯವರ ಕೋಶಗಳಿಂದ ಮಾಡಿದ ತೇಪೆ ಪಡೆದವರು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಸೇವಿಸಬೇಕು. 2019ರಲ್ಲಿ ಟೆಲ್ ಅವೀವ್‌ನಲ್ಲಿ ಮಾನವ ಕೋಶಗಳಿಂದ ಮುದ್ರಿಸಿದ ‘ಹೃದಯ’ ಬಹಳ ಸುದ್ದಿಯಾಯಿತು. ಅದು ಮೊಲದ ಹೃದಯದಷ್ಟು ಪುಟ್ಟದು. ಅದರ ಕೋಶಗಳು ಸಂಕುಚಿಸುತ್ತಿದ್ದವು, ಆದರೆ ಒಟ್ಟಾಗಿ ಪಂಪು ಮಾಡುತ್ತಿರಲಿಲ್ಲ.

ತರಗತಿಯಲ್ಲಿ ಎರಡು ಚಟುವಟಿಕೆಗಳು

*ಅರಳಿ ಎಲೆಯ ಹಂದರ.* ಶಾಲೆಗೆ ಹೋದ ಮೊದಲ ವಾರವೇ ಬಲಿತ ಅರಳಿ ಎಲೆಗಳನ್ನು ನೀರಿನಲ್ಲಿ ನೆನೆಹಾಕಿಸಿ. ಆಗಾಗ ನೀರು ಬದಲಿಸುತ್ತ ಮೂರ್ನಾಲ್ಕು ವಾರ ಬಿಟ್ಟು, ಮೆತ್ತನೆಯ ಕುಂಚದಿಂದ ಉಜ್ಜಿದರೆ ಹಸಿರು ಕಳಚಿ ನರಗಳ ಬಲೆ ಉಳಿಯುತ್ತದೆ. ‘ಕೋಶಗಳು ಹೋದರೂ ಆಕಾರ ಉಳಿದದ್ದು ಹೇಗೆ?’ ಎಂಬ ಪ್ರಶ್ನೆಯಿಂದ ಪಾಠದ ಪೀಠಿಕೆ ಆರಂಭಿಸಬಹುದು. ಇಲ್ಲಿ ಮೃದು ಭಾಗ ಕೊಳೆತು ಹೋಗುತ್ತದೆ, ಪ್ರಯೋಗಾಲಯದಲ್ಲಿ ಮಾರ್ಜಕದಿಂದ ತೊಳೆಯುತ್ತಾರೆ ಎಂಬ ವ್ಯತ್ಯಾಸವನ್ನೂ ತಿಳಿಸಬೇಕು.

*ಚೈನಾಗ್ರಾಸ್ ಘನಗಳು.* ದಿನಸಿ ಅಂಗಡಿಯ ಚೈನಾಗ್ರಾಸ್ ಕುದಿಸಿ ಗಟ್ಟಿಯಾಗಿಸಿ, 1, 2 ಮತ್ತು 3 ಸೆಂ.ಮೀ. ಬಾಹುವಿನ ಘನಗಳಾಗಿ ಕತ್ತರಿಸಿ. ಅವಧಿಯ ಆರಂಭದಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣದಲ್ಲಿ ಮುಳುಗಿಸಿ, ಇಪ್ಪತ್ತು ನಿಮಿಷದ ನಂತರ ಇಕ್ಕಳದಿಂದ ತೆಗೆದು, ಶಿಕ್ಷಕರೇ ನಡುವೆ ಕತ್ತರಿಸಿ ತೋರಿಸಬೇಕು. ಬಣ್ಣ ಎಲ್ಲ ಘನಗಳಲ್ಲೂ ಒಂದೇ ಆಳಕ್ಕೆ ಇಳಿದಿರುತ್ತದೆ. ಆಳವನ್ನು ಅಳೆದು ಲೆಕ್ಕ ಮಾಡಿಸಿ. ಉದಾಹರಣೆಗೆ ಬಣ್ಣ 2 ಮಿ.ಮೀ. ಇಳಿದಿದ್ದರೆ 1 ಸೆಂ.ಮೀ. ಘನದಲ್ಲಿ ಬಣ್ಣ ತಲುಪದ ಭಾಗ ಸುಮಾರು ಶೇ. 22. 3 ಸೆಂ.ಮೀ. ಘನದಲ್ಲಿ ಅದು ಶೇ. 65. ಬಣ್ಣವನ್ನು ಆಮ್ಲಜನಕವೆಂದು ಭಾವಿಸಿದರೆ ದಪ್ಪ ಅಂಗಾಂಶಕ್ಕೆ ರಕ್ತನಾಳ ಏಕೆ ಬೇಕೆಂಬುದನ್ನು ಮಕ್ಕಳೇ ಹೇಳುತ್ತಾರೆ.

ಹೇಳುವಾಗ ಇರಬೇಕಾದ ಎಚ್ಚರ

ಯಾವುದೇ ತರಗತಿಯಲ್ಲಿ ತಂದೆಗೋ ಅಜ್ಜಿಗೋ ಹೃದಯದ ತೊಂದರೆಯಿರುವ ಮಕ್ಕಳು ಇದ್ದೇ ಇರುತ್ತಾರೆ. ‘ಸಾರ್, ಇದನ್ನು ನಮ್ಮಪ್ಪನಿಗೆ ಹಾಕಿಸಬಹುದಾ?’ ಎಂಬ ಪ್ರಶ್ನೆ ಬರಬಹುದು. ಅದನ್ನು ‘ಪಾಠಕ್ಕೆ ಸಂಬಂಧವಿಲ್ಲ’ ಎಂದು ತಳ್ಳಿಹಾಕಬಾರದು, ‘ಇನ್ನೇನು ಬಂದುಬಿಡುತ್ತದೆ’ ಎಂದು ಆಸೆ ಹುಟ್ಟಿಸಲೂಬಾರದು. ‘ಇದು ಇನ್ನೂ ಪರೀಕ್ಷೆಯ ಹಂತದಲ್ಲಿದೆ, ಈಗ ಅಪ್ಪನಿಗೆ ಬೇಕಾದದ್ದು ವೈದ್ಯರು ಹೇಳಿದ ಔಷಧವನ್ನು ತಪ್ಪದೆ ತೆಗೆದುಕೊಳ್ಳುವುದು’ ಎನ್ನುವುದು ಪ್ರಾಮಾಣಿಕ ಉತ್ತರ.

ಕಾಂಡಕೋಶ ಚಿಕಿತ್ಸೆಯ ಜಾಹೀರಾತುಗಳು ಹಳ್ಳಿಯ ಮೊಬೈಲ್‌ಗೂ ತಲುಪುತ್ತಿರುವುದರಿಂದ ಇದು ಮುಖ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಯ ಪ್ರಕಾರ, ರಕ್ತ ಸಂಬಂಧಿ ಕಾಯಿಲೆಗಳಿಗಾಗಿ ಮಾನ್ಯವಾದ ಕಸಿಯಂಥವನ್ನು ಬಿಟ್ಟರೆ, ಅನುಮೋದಿತ ಕ್ಲಿನಿಕಲ್ ಪ್ರಯೋಗದ ಹೊರಗೆ ರೋಗಿಗಳ ಮೇಲೆ ಕಾಂಡಕೋಶಗಳನ್ನು ಬಳಸುವುದು ಅನೈತಿಕ. ಇಂಥ ಸಂಶೋಧನೆ ನಮ್ಮಲ್ಲೂ ನಡೆಯುತ್ತಿದೆ. ಬೆಂಗಳೂರಿನ ಜಿಕೆವಿಕೆ ಆವರಣದ ಇನ್‌ಸ್ಟೆಮ್ ಸಂಸ್ಥೆ ಕಾಂಡಕೋಶಗಳ ಅಧ್ಯಯನಕ್ಕೆಂದೇ ಇರುವುದು. ಆದರೆ ಸಂಶೋಧನೆ ಬೇರೆ, ಮಾರಾಟಕ್ಕಿರುವ ಚಿಕಿತ್ಸೆ ಬೇರೆ.

ವಿಜ್ಞಾನ ತನ್ನನ್ನು ತಿದ್ದಿಕೊಳ್ಳುವ ಬಗೆಯನ್ನೂ ಹೇಳಬಹುದು. ವಯಸ್ಕರ ಹೃದಯದಲ್ಲೇ ಅದನ್ನು ಪುನಃ ಬೆಳೆಸಬಲ್ಲ ಕಾಂಡಕೋಶಗಳಿವೆ ಎಂಬ ವಾದ ವರ್ಷಗಟ್ಟಲೆ ಪ್ರಚಾರದಲ್ಲಿತ್ತು. ಬೇರೆ ಪ್ರಯೋಗಾಲಯಗಳಿಗೆ ಅದೇ ಫಲಿತಾಂಶ ದೊರೆಯಲಿಲ್ಲ. 2018ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆ ಮತ್ತು ಅದರ ಸಹ ಆಸ್ಪತ್ರೆ, ಆ ವಾದದ ಮುಂಚೂಣಿಯಲ್ಲಿದ್ದ ಪ್ರಯೋಗಾಲಯದ 31 ಪ್ರಬಂಧಗಳನ್ನು ಹಿಂತೆಗೆದುಕೊಳ್ಳುವಂತೆ ಶಿಫಾರಸು ಮಾಡಿದವು.

ಮೌಲ್ಯಮಾಪನಕ್ಕೆ ಕೆಲವು ಪ್ರಶ್ನೆಗಳು

1. ತಟ್ಟೆಯಲ್ಲಿ ಬಿಡಿಬಿಡಿಯಾಗಿ ಮಿಡಿಯುತ್ತಿರುವ ಒಂದು ಲಕ್ಷ ಹೃದಯಕೋಶಗಳನ್ನು ‘ಅಂಗಾಂಶ’ ಎನ್ನಬಹುದೇ? ಕಾರಣ ಕೊಡಿ.
2. ಹೃದಯ ಸ್ನಾಯುಕೋಶಗಳು ಕವಲೊಡೆಯದೆ ಬಿಡಿ ಎಳೆಗಳಾಗಿದ್ದರೆ ಬಡಿತದ ಮೇಲೆ ಏನು ಪರಿಣಾಮವಾಗುತ್ತಿತ್ತು?
3. 1 ಸೆಂ.ಮೀ. ದಪ್ಪದ ಹೃದಯ ತೇಪೆ ತಯಾರಿಸುವವರಿಗೆ ನೀವು ಕೊಡುವ ಮೊದಲ ಸಲಹೆ ಯಾವುದು?
4. ‘ಪ್ರಯೋಗಾಲಯದಲ್ಲಿ ಹೃದಯ ಸಿದ್ಧ’ ಎಂಬ ಸುದ್ದಿ ಓದಿದಾಗ ನೀವು ಕೇಳಬೇಕಾದ ಮೂರು ಪ್ರಶ್ನೆಗಳನ್ನು ಬರೆಯಿರಿ.

ನಾಲ್ಕಕ್ಕೂ ಪಠ್ಯಪುಸ್ತಕದಲ್ಲಿ ಸಿದ್ಧ ಉತ್ತರವಿಲ್ಲ. ಆದರೆ ಅಂಗಾಂಶದ ವ್ಯಾಖ್ಯೆಯನ್ನು ಅರ್ಥಮಾಡಿಕೊಂಡ ವಿದ್ಯಾರ್ಥಿ ಇವುಗಳಿಗೆ ತನ್ನದೇ ಮಾತಿನಲ್ಲಿ ಉತ್ತರಿಸಬಲ್ಲ. ಪಾಠ ವೀಕ್ಷಿಸುವ ಬೋಧಕರು ಕೋಷ್ಟಕ ತುಂಬಿದೆಯೇ ಎಂಬುದರ ಜೊತೆಗೆ ಈ ಬಗೆಯ ಉತ್ತರಗಳು ತರಗತಿಯಿಂದ ಬಂದವೇ ಎಂಬುದನ್ನೂ ಗುರುತಿಸಿಕೊಳ್ಳುವುದು ಒಳಿತು.