ನಿಮಗಿದು ಗೊತ್ತೆ? ಶುಂಠಿ, ಅರಿಶಿಣ, ಏಲಕ್ಕಿ ಒಂದೇ ಬಳಗ

ಹಾನಗಲ್ಲ ತಾಲ್ಲೂಕಿನ ತಿಳವಳ್ಳಿ ಕಡೆ ಬೆಳೆಯುವ ಶುಂಠಿ, ಹಿತ್ತಲಿನ ಅರಿಶಿಣ, ಹಾವೇರಿಯ ಹೆಸರಾಂತ ಹಾರಕ್ಕೆ ಪೋಣಿಸುವ ಏಲಕ್ಕಿ ಮೂರೂ ‘ಜಿಂಜಿಬರೇಸಿ’ ಎಂಬ ಒಂದೇ ಸಸ್ಯಕುಟುಂಬದವು. ಉಷ್ಣವಲಯದ ಈ ಕುಟುಂಬದಲ್ಲಿ ಸುಮಾರು 1,600 ಪ್ರಭೇದಗಳಿವೆ. ಗುರುತಿಸಲು ಮೊದಲಿಗೆ ಮೂಗೇ ಸಾಕು: ಎಲೆಯನ್ನೋ ಗಡ್ಡೆಯನ್ನೋ ಹಿಸುಕಿದರೆ ಘಮ ಬರುತ್ತದೆ. ಕಾಂಡದಂತೆ ನೆಟ್ಟಗೆ ಕಾಣುವುದು ಬಹುಪಾಲು ಒಂದರೊಳಗೊಂದು ಸುತ್ತಿಕೊಂಡ ಎಲೆಬುಡಗಳ ಕಂತೆ. ಮುಖ್ಯ ಕಾಂಡ ನೆಲದೊಳಗಿನ ಗಡ್ಡೆಯೇ.

ಹೂವಿನ ರಚನೆಯಂತೂ ಬೆರಗು ಹುಟ್ಟಿಸುವಂಥದ್ದು. ಪರಾಗ ಕೊಡುವ ಕೇಸರ ಒಂದೇ. ತುಟಿಯಂತೆ ಅಗಲವಾಗಿ ಚಾಚಿದ ‘ಎಸಳು’ ಎಸಳೇ ಅಲ್ಲ. ಪರಾಗವಿಲ್ಲದ ಎರಡು ಕೇಸರಗಳು ಕೂಡಿ ಆ ರೂಪ ತಾಳಿವೆ. ತೆಳುವಾದ ಶಲಾಕೆ ಆ ಒಂಟಿ ಕೇಸರದ ಪರಾಗಕೋಶಗಳ ನಡುವೆ ತೂರಿ ಮೇಲೆ ಬರುತ್ತದೆ. ಕಾಯಿ ಸಾಮಾನ್ಯವಾಗಿ ಮೂರು ಕೋಣೆಯದು. ಏಲಕ್ಕಿ ಸುಲಿದರೆ ಕಣ್ಣಿಗೇ ಕಾಣುತ್ತದೆ.