ಮೇಣದ ಕಂಡೆನ್ಸರ್ ಮತ್ತು ಹಸಿರು ಕಣ್ಣು

ವರ್ಷಗಟ್ಟಲೆ ಹುಡುಕಿದ ವಾಲ್ವ್ ರೇಡಿಯೋ ಕೊನೆಗೂ ಸಿಕ್ಕಾಗ ಯಾರಿಗಾದರೂ ಹುಟ್ಟುವ ಆಸೆ ಒಂದೇ: ಪ್ಲಗ್ ಹಾಕಿ ನೋಡಿಬಿಡೋಣ, ಹಾಡುತ್ತದೋ ಇಲ್ಲವೋ! ಅರ್ಧ ಶತಮಾನ ಅಟ್ಟದ ಮೇಲೆ ಧೂಳು ಕುಡಿಯುತ್ತ ಕೂತರೂ ಕೆಡದ ಸೆಟ್ಟು ಪ್ಲಗ್ ಹಾಕಿದ ಹತ್ತೇ ನಿಮಿಷದಲ್ಲಿ ಸುಟ್ಟುಹೋಗಬಹುದು.

ನನ್ನ ಗೆಳೆಯರೊಬ್ಬರು ಇಂಥದ್ದೊಂದನ್ನು ಬಹಳ ಕಾಲದಿಂದ ಅರಸುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ನಿಲ್ದಾಣ ಸರಿಯಾಗಿ ಸಿಕ್ಕಿತೇ ಎಂದು ಹೊಳೆದು ತೋರಿಸುವ ಹಸಿರು ಕಣ್ಣಿನ ಫಿಲಿಪ್ಸ್, ಮರದ ಕ್ಯಾಬಿನೆಟ್ಟಿನದೇ ಆಗಬೇಕು. ಬೆಂಗಳೂರಿನ ಸಂಡೇ ಬಜಾರಿನಲ್ಲಿ ತುಕ್ಕು ಹಿಡಿದ ಮಿಕ್ಸಿಗಳ ನಡುವೆ ಅದು ಸಿಕ್ಕಿತು. ಹಿಂಬದಿಯ ರಟ್ಟು ಇರಲಿಲ್ಲ, ಸ್ಪೀಕರಿನ ಕಾಗದವನ್ನು ಇಲಿ ಕಡಿದಿತ್ತು. ಆದರೆ ಗಾಜಿನ ಡಯಲ್ ಒಡೆದಿರಲಿಲ್ಲ, ಆರೂ ವಾಲ್ವುಗಳು ತಮ್ಮ ತಮ್ಮ ಜಾಗದಲ್ಲಿದ್ದವು. ಎರಡರ ಮೇಲೆ ಬಿಇಎಲ್ ಎಂಬ ಅಚ್ಚು. ನಮ್ಮ ಜಾಲಹಳ್ಳಿಯ ಆ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಗೆ ಇಳಿದಿತ್ತು.

ಗಾಜಿನ ಮೇಲಿನ ಅಕ್ಷರಗಳನ್ನು ಓದಲು ಕಲಿತರೆ ಅರ್ಧ ನಕ್ಷೆ ಕೈಗೆ ಬಂದಂತೆ. ಇಸಿಎಚ್81, ಇಎಫ್89, ಇಬಿಸಿ81, ಇಎಲ್84, ಇಜೆಡ್80, ಇಎಂ80. ಮೊದಲಿನ ‘ಇ’ ಎಂದರೆ ಹೀಟರಿಗೆ 6.3 ವೋಲ್ಟ್ ಬೇಕು, ಅಂದರೆ ಸೆಟ್ಟಿನಲ್ಲಿ ಟ್ರಾನ್ಸ್‌ಫಾರ್ಮರ್ ಇದೆ. ಅದರ ಬದಲು ‘ಯು’ ಕಂಡರೆ ಎಚ್ಚರ! ಅದು ಎಸಿ, ಡಿಸಿ ಎರಡರಲ್ಲೂ ನಡೆಯಲೆಂದು ಮಾಡಿದ ಸೆಟ್ಟು. ಅಂಥವುಗಳಲ್ಲಿ ಮನೆಯ ಲೈನಿನ ಒಂದು ತಂತಿ ನೇರವಾಗಿ ಕಬ್ಬಿಣದ ಚಾಸಿಗೇ ಸೇರಿರುತ್ತದೆ. ಪ್ಲಗ್ ತಿರುಗಿ ಹಾಕಿದರೆ ಚಾಸಿಯಲ್ಲೇ 230 ವೋಲ್ಟ್. ಗುಂಡಿ ಕಳಚಿಹೋಗಿ ಬರಿಯ ಲೋಹದ ಕಡ್ಡಿ ಹೊರಗಿಣುಕಿದ್ದರೆ ಅದನ್ನು ಮುಟ್ಟಿದವರ ಗತಿ ದೇವರಿಗೇ ಪ್ರೀತಿ.

ವಾಲ್ವಿನ ಕೆಲಸ ಸರಳ. 1904ರಲ್ಲಿ ಫ್ಲೆಮಿಂಗ್ ಮಾಡಿದ ವಾಲ್ವಿನಲ್ಲಿ ಕಾದು ಕೆಂಪಾದ ಕ್ಯಾಥೋಡ್ ಎಲೆಕ್ಟ್ರಾನುಗಳನ್ನು ಚೆಲ್ಲುತ್ತಿತ್ತು, ಎದುರಿನ ಪ್ಲೇಟು ಅವನ್ನು ಸೆಳೆಯುತ್ತಿತ್ತು, ಅಷ್ಟೆ. 1906ರಲ್ಲಿ ಡಿ ಫಾರೆಸ್ಟ್ ಇವೆರಡರ ನಡುವೆ ಗ್ರಿಡ್ ಎಂಬ ತಂತಿಯನ್ನು ಇಟ್ಟ. ಕೆರೆಯ ತೂಬಿನಂತೆ ಅದು: ಹಲಗೆ ಎತ್ತಿಳಿಸಲು ಕೊಂಚ ಬಲ ಸಾಕು, ಹರಿಯುವುದು ಕೆರೆಯ ನೀರು. ಏರಿಯಲ್ಲಿನಿಂದ ಬಂದ ಕ್ಷೀಣ ಅಲೆ ಗ್ರಿಡ್ಡನ್ನು ಅಲುಗಿಸಿದರೆ ಪ್ಲೇಟಿನಲ್ಲಿ ಅದೇ ಏರಿಳಿತ ದೊಡ್ಡದಾಗಿ ಮೂಡುತ್ತದೆ.

ನಿಲ್ದಾಣ ಹಿಡಿಯುವ ಉಪಾಯ ಇನ್ನೂ ಜಾಣತನದ್ದು. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ಗೆ ಮುಳ್ಳು ತಂದಾಗ ಸೆಟ್ಟಿನೊಳಗೇ 1067 ಕಿಲೋಹರ್ಟ್ಸ್‌ನ ಒಂದು ಅಲೆ ಹುಟ್ಟುತ್ತದೆ. ಇಸಿಎಚ್81 ಎರಡನ್ನೂ ಬೆರೆಸಿದಾಗ ಅವುಗಳ ವ್ಯತ್ಯಾಸ 455 ಸಿಗುತ್ತದೆ. ಧಾರವಾಡದ 765ಕ್ಕೆ ತಿರುಗಿಸಿದರೆ ಒಳಗಿನ ಅಲೆ 1220 ಆಗುತ್ತದೆ, ವ್ಯತ್ಯಾಸ ಮತ್ತೆ 455. ಒಂದೇ ಕಡ್ಡಿಯ ಮೇಲೆ ಕೂತ ಗ್ಯಾಂಗ್ ಕಂಡೆನ್ಸರಿನ ಎರಡು ಭಾಗಗಳು ಈ ಅಂತರ ಕಾಯುತ್ತವೆ. ಹೀಗಾಗಿ ಮುಂದಿನ ಹಂತಗಳು ಯಾವ ಊರು ಬಂದರೂ ಒಂದೇ ಆವರ್ತನವನ್ನು ಸೋಸಿ ಹಿಗ್ಗಿಸಿದರೆ ಸಾಕು.

ಜನ ಹೆದರುವುದು ಗಾಜಿನ ವಾಲ್ವುಗಳಿಗೆ. ನನ್ನ ಪ್ರಕಾರ ಅವೇ ಗಟ್ಟಿ ಪಿಂಡಗಳು. ನೆತ್ತಿಯ ಒಳಮೈಯಲ್ಲಿ ಬೇರಿಯಂನ ಕನ್ನಡಿಹೊಳಪು ಇನ್ನೂ ಇದ್ದರೆ ಗಾಳಿ ನುಗ್ಗಿಲ್ಲ ಎಂದರ್ಥ. ಬಿಳಿಚಿದ್ದರೆ ಕಥೆ ಮುಗಿದಿದೆ. ನಿಜವಾಗಿ ಸಾಯುವುದು ಚಾಸಿಯ ಅಡಿಯಲ್ಲಿ ಕೂತ, ಕಾಗದ ಸುತ್ತಿ ಮೇಣ ಮೆತ್ತಿದ ಕಂಡೆನ್ಸರುಗಳು. ಕಾಗದ ತೇವ ಹೀರಿ ಡಿಸಿಯನ್ನು ಸೋರಬಿಡುತ್ತದೆ.

ಅವುಗಳಲ್ಲೂ ಒಂದು ಮಹಾಘಾತುಕ. ಇಬಿಸಿ81ರ ಪ್ಲೇಟಿನಿಂದ ಇಎಲ್84ರ ಗ್ರಿಡ್‌ಗೆ ಸ್ವರವನ್ನು ದಾಟಿಸುವ ಕಂಡೆನ್ಸರ್ ಅದು. ಒಂದು ಬದಿಯಲ್ಲಿ 100 ವೋಲ್ಟ್ ಎಂದಿಟ್ಟುಕೊಳ್ಳೋಣ. ಇನ್ನೊಂದು ಬದಿಯ ಗ್ರಿಡ್ ಒಂದು ಮೆಗಓಮ್ ರೆಸಿಸ್ಟರಿನ ಮೂಲಕ ಚಾಸಿಗೆ ಸೇರಿದೆ. ಕಂಡೆನ್ಸರ್ ಬರಿಯ 10 ಮೆಗಓಮ್‌ನಷ್ಟು ಸೋರಿದರೂ ನೂರರ ಹನ್ನೊಂದನೇ ಒಂದು ಪಾಲು, ಸುಮಾರು 9 ವೋಲ್ಟ್, ಗ್ರಿಡ್ ಮೇಲೆ ಕೂರುತ್ತದೆ. ಈ ವಾಲ್ವನ್ನು ಹತೋಟಿಯಲ್ಲಿಡುವ ಋಣ ಒತ್ತಡವೇ ಸುಮಾರು 7 ವೋಲ್ಟ್! ಹತೋಟಿ ತಪ್ಪಿ ಕರೆಂಟ್ ಏರುತ್ತದೆ, ಪ್ಲೇಟು ಕೆಂಪಾಗುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಇದು ನಡೆಯುವಾಗಲೂ ರೇಡಿಯೋ ಕೊಂಚ ಒರಟಾಗಿ ಹಾಡುತ್ತಲೇ ಇರಬಹುದು, ನಾವು ಖುಷಿಯಿಂದ ಕೇಳುತ್ತಲೂ ಇರಬಹುದು. ಮಲ್ಟಿಮೀಟರಿನ ಪುಟ್ಟ ಬ್ಯಾಟರಿ ಈ ಸೋರಿಕೆಯನ್ನು ಎಷ್ಟೋ ಸಲ ಹಿಡಿಯುವುದೇ ಇಲ್ಲ. ನೂರು ವೋಲ್ಟ್ ಬಿದ್ದಾಗಷ್ಟೇ ಅದರ ಬಣ್ಣ ಬಯಲಾಗುತ್ತದೆ.

ಆದ್ದರಿಂದ ಪರೀಕ್ಷೆ ಮಾಡುತ್ತ ಕೂರದೆ ಅಂಥವನ್ನೆಲ್ಲ ಬದಲಿಸುವುದೇ ಲೇಸು. ಒಣಗಿದ ಫಿಲ್ಟರ್ ಕಂಡೆನ್ಸರುಗಳನ್ನೂ ಅಷ್ಟೆ. ಎಸ್.ಪಿ. ರೋಡಿನಲ್ಲಿ ಪಾಲಿಯೆಸ್ಟರ್ ಕಂಡೆನ್ಸರು ಅಗ್ಗಕ್ಕೆ ಸಿಗುತ್ತದೆ. 400 ವೋಲ್ಟಿಗೆ ಕಡಿಮೆಯದು ಬೇಡ. ಹಳೆಯ ಮೇಣದ ಚಿಪ್ಪಿನೊಳಗೆ ಹೊಸದನ್ನು ಅಡಗಿಸಿ ಕೂರಿಸುವ ನಿಷ್ಠಾವಂತರಿದ್ದಾರೆ. ಅದು ಅವರ ಸಂತೋಷ. ನನಗೆ ತಡೆಯಲಾಗದ್ದು, ಒಳಗಿನದೆಲ್ಲ ಕಿತ್ತೆಸೆದು ಬ್ಲೂಟೂತ್ ಬೋರ್ಡ್ ತುರುಕಿ ‘ಆಂಟಿಕ್’ ಎಂದು ಮಾರುವ ವ್ಯಾಪಾರ.

ಇಷ್ಟಾದ ಮೇಲೆ ಕರೆಂಟ್, ಅದೂ ಸೀರೀಸ್ ಬಲ್ಬಿನ ಮೂಲಕ. 60 ವ್ಯಾಟಿನ ಫಿಲಮೆಂಟ್ ಬಲ್ಬನ್ನು ರೇಡಿಯೋದೊಂದಿಗೆ ಸರಣಿಯಲ್ಲಿ ಜೋಡಿಸುತ್ತಾರೆ. ತಣ್ಣಗಿರುವ ಟಂಗ್‌ಸ್ಟನ್ ತಂತಿಯ ತಡೆ ಉರಿಯುವಾಗಿನದರ ಹತ್ತನೇ ಒಂದರಷ್ಟು ಮಾತ್ರ. ಸೆಟ್ಟು ಸರಿಯಿದ್ದರೆ ಬಲ್ಬು ಮಂಕಾಗಿದ್ದು ಕರೆಂಟನ್ನು ಬಿಟ್ಟುಕೊಡುತ್ತದೆ. ಒಳಗೆ ಶಾರ್ಟ್ ಇದ್ದರೆ ತಾನೇ ಝಗ್ಗನೆ ಹೊತ್ತಿ ತಡೆ ಹೆಚ್ಚಿಸಿಕೊಳ್ಳುತ್ತದೆ, ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ. ಎಲ್‌ಇಡಿ ಬಲ್ಬಿಗೆ ಈ ಗುಣವಿಲ್ಲ. ಆಫ್ ಮಾಡಿದ ಮೇಲೂ ಫಿಲ್ಟರ್ ಕಂಡೆನ್ಸರಿನಲ್ಲಿ ಇನ್ನೂರಕ್ಕೂ ಹೆಚ್ಚು ವೋಲ್ಟ್ ಉಳಿದಿರಬಹುದು. ಅದನ್ನು ರೆಸಿಸ್ಟರಿನ ಮೂಲಕ ಖಾಲಿ ಮಾಡದೆ ಕೈ ಹಾಕಕೂಡದು.

ಡಯಲ್ ದಾರ ಕಟ್ಟುವುದು, ಬ್ಯಾಂಡ್ ಸ್ವಿಚ್ ತೊಳೆಯುವುದು, ಸ್ಪೀಕರಿಗೆ ತೆಳು ಕಾಗದ ಅಂಟಿಸುವುದು, ಮರಕ್ಕೆ ಪಾಲಿಶ್ ಇವೆಲ್ಲ ತಾಳ್ಮೆಯ ಕೆಲಸಗಳು, ಅಪಾಯವಿಲ್ಲ. ಹಸಿರು ಕಣ್ಣು ಮಾತ್ರ ಮಂಕಾಗಿಯೇ ಉಳಿಯಿತು. ಎಲೆಕ್ಟ್ರಾನ್ ಬಡಿದಾಗ ಹೊಳೆಯುವ ಅದರ ಲೇಪ ಉರಿದಷ್ಟೂ ಸವೆಯುತ್ತದೆ, ರಿಪೇರಿ ಇಲ್ಲ. ಕತ್ತಲೆ ಕೋಣೆಯಲ್ಲಿ ಕಾಣುತ್ತದಲ್ಲ, ಸಾಕು ಎಂದರು ಗೆಳೆಯರು.

ಅವರ ಡಯಲ್ಲಿನಲ್ಲಿ ಮೀಟರಿನ ಲೆಕ್ಕವಿತ್ತು. 612 ಕಿಲೋಹರ್ಟ್ಸ್ ಎಂದರೆ 490 ಮೀಟರ್. ಮುಳ್ಳು ಅಲ್ಲಿಗೆ ಬಂದಾಗ ಆಕಾಶವಾಣಿ ಕೇಳಿಸಿತು, ಜೊತೆಗೆ ಗರ್‌ರ್ ಎಂಬ ಗದ್ದಲವೂ. ಮತ್ತೆ ಚಾಸಿ ಬಿಚ್ಚಲು ಹೊರಟರು. ನಾನು ಬೇಡವೆಂದು ಮನೆಯ ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸಿಸಿದೆ. ಇಂದಿನ ಚಾರ್ಜರು, ಅಡಾಪ್ಟರುಗಳೆಲ್ಲ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕತ್ತರಿಸುತ್ತವೆ, ಅದರ ಚೂರುಪಾರು ಮೀಡಿಯಂ ವೇವ್ ತುಂಬ ಹರಡುತ್ತದೆ. ಟಿವಿಯ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಕಿತ್ತಾಗ ಗದ್ದಲ ನಿಂತಿತು. ಈಗ ಆ ಮನೆಯಲ್ಲಿ ರೇಡಿಯೋ ಹಾಡುವಷ್ಟು ಹೊತ್ತು ಟಿವಿ ಬಂದ್.